ಕಾಮರ್ಸ್ ಕ್ಲಬ್ ಸರ್ಟಿಫಿಕೇಟ್ ಇಂಟರ್ನ್‌ಶಿಪ್‌ಗೆ ಸಮವಲ್ಲ: ಸ್ಪಷ್ಟನೆ

‘ಕಾಲೇಜಿನ ಕಾಮರ್ಸ್ ಕ್ಲಬ್‌ನಲ್ಲಿ ಪದಾಧಿಕಾರಿಯಾಗಿದ್ದರೆ ಸಾಕು, ಆ ಸರ್ಟಿಫಿಕೇಟನ್ನೇ ಇಂಟರ್ನ್‌ಶಿಪ್ ಅಂತ ತೋರಿಸಬಹುದು’ ಎಂಬ ಸಂದೇಶ ಬಿ.ಕಾಂ., ಬಿಬಿಎ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇಂಟರ್ನ್‌ಶಿಪ್‌ಗೆ ಯಾವುದು ಸಲ್ಲುತ್ತದೆ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮ ಹೇಳುತ್ತದೆ, ಕ್ಲಬ್ ಅಲ್ಲ.

ಹಾಗಂತ ಕ್ಲಬ್ ಕೆಲಸ ವ್ಯರ್ಥವೂ ಅಲ್ಲ. ಕಲಿಕೆ ಇರುವುದು ಹುದ್ದೆಯಲ್ಲಲ್ಲ, ಕಾಗದಪತ್ರದಲ್ಲಿ. ಕ್ಲಬ್ ನಡೆಸುವ ಫೆಸ್ಟ್‌ನ (ಕಾಲೇಜು ಉತ್ಸವದ) ಖಜಾಂಚಿಯನ್ನೇ ನೋಡಿ. 100 ರೂಪಾಯಿಯ 80 ಟಿಕೆಟ್ ಮಾರಿದರೆ ಬಂದದ್ದು 8,000. ಅದರಲ್ಲೇ 1,200 ತೆಗೆದು ಊಟಕ್ಕೆ ಕೊಟ್ಟು, ‘ಜಮಾ 6,800’ ಎಂದು ಬರೆಯುವುದು ಸಾಮಾನ್ಯ ಎಡವಟ್ಟು. ಆಗ ಟಿಕೆಟ್ ಪುಸ್ತಕದ ಅಡಿಪ್ರತಿಗೂ ನಗದು ಪುಸ್ತಕಕ್ಕೂ ತಾಳೆಯಾಗುವುದಿಲ್ಲ, ಊಟದ ಖರ್ಚಂತೂ ಲೆಕ್ಕದಿಂದಲೇ ಮಾಯ. ಜಮಾ 8,000, ಖರ್ಚು 1,200 ಎಂದು ಬೇರೆ ಬೇರೆ ಬರೆದು, ಖರ್ಚಿಗೆ ಬಿಲ್ಲು, ವೋಚರ್ (ಯಾರಿಗೆ, ಯಾತಕ್ಕೆ, ಎಷ್ಟು ಕೊಟ್ಟಿರಿ ಎಂಬ ಚೀಟಿ) ಲಗತ್ತಿಸಬೇಕು. ಯುಪಿಐ ಹಣ ಯಾರದೋ ಸ್ವಂತ ಖಾತೆಗೆ ಬಿದ್ದರಂತೂ ಲೆಕ್ಕ ಬಿಡಿಸುವುದು ತಲೆನೋವೇ.

ಪ್ರಾಯೋಜಕರ ವಿಷಯದಲ್ಲಿ ಇನ್ನೊಂದು: ಬಾಯಿಮಾತಿನ ಭರವಸೆಯನ್ನು ಬಜೆಟ್‌ಗೆ ಸೇರಿಸಬೇಡಿ. ಮೊತ್ತ, ಪಾವತಿಯ ದಿನ, ಬ್ಯಾನರ್ ಎಲ್ಲಿ ಎಂಬುದು ಲಿಖಿತವಾಗಿರಲಿ.

ರೆಸ್ಯೂಮೆಯಲ್ಲಿ ‘ಸಕ್ರಿಯ ಸದಸ್ಯ’ ಎನ್ನುವುದಕ್ಕಿಂತ, ಎಷ್ಟು ರೂಪಾಯಿಯ ಬಜೆಟ್ ನಿಭಾಯಿಸಿದಿರಿ, ಎಷ್ಟು ದಿನದಲ್ಲಿ ಲೆಕ್ಕ ಮುಗಿಸಿ ಒಪ್ಪಿಸಿದಿರಿ ಎಂದು ಬರೆಯಿರಿ. ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ; ಆ ಲೆಕ್ಕದ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.