ಮೆಲ್ರೋಸ್‌ಗೆ ಒಂದು ದಿನ ಸಾಲದು

ಸ್ಕಾಟ್ಲೆಂಡಿನ ಪುಟ್ಟ ಊರು ಮೆಲ್ರೋಸ್ ಅನ್ನು ಎಡಿನ್‌ಬರೋದಿಂದ ಒಂದೇ ದಿನದಲ್ಲಿ ನೋಡಿ ಬರಬಹುದು ಎಂದು ನಾನು ಓದಿದ ಪ್ರವಾಸ ಲೇಖನವೊಂದು ಹೇಳುತ್ತದೆ. ಸಾಧ್ಯ, ಆದರೆ ಎರಡು ರಾತ್ರಿ ಉಳಿಯಿರಿ ಎನ್ನುತ್ತೇನೆ.

ಎಡಿನ್‌ಬರೋದ ವೇವರ್ಲಿ ನಿಲ್ದಾಣದಿಂದ ಟ್ವೀಡ್‌ಬ್ಯಾಂಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಈ ಮಾರ್ಗ 2015ರಲ್ಲಿ ಶುರುವಾಯಿತು. ರೈಲು ಮೆಲ್ರೋಸ್‌ವರೆಗೆ ಹೋಗುವುದಿಲ್ಲ, ಇನ್ನೂ ಮೂರು ಕಿಲೋಮೀಟರ್ ಇದೆ. ಹೊಳೆ ದಂಡೆಯ ಕಾಲುದಾರಿ ಸೊಗಸಾಗಿದೆ, ಆದರೆ ಸೂಟ್‌ಕೇಸ್ ಇದ್ದರೆ ಬಸ್ ಹಿಡಿಯಿರಿ. ಹಳೆಯ ಕಲ್ಲಿನ ಮನೆಗಳ ತಂಗುದಾಣಗಳಲ್ಲಿ ಮೆಟ್ಟಿಲು ಕಡಿದು, ಲಿಫ್ಟ್ ಅಪರೂಪ. ಹಿರಿಯರಿದ್ದರೆ ನೆಲಮಹಡಿಯ ಕೋಣೆ ಕೇಳಿ, ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ. ಅಡುಗೆಮನೆಗಳು ಬೇಗ ಮುಚ್ಚುತ್ತವೆ, ರಾತ್ರಿ ಒಂಬತ್ತಕ್ಕೆ ಊಟ ಹುಡುಕಿದರೆ ಕಷ್ಟ. ಏಪ್ರಿಲ್‌ನಲ್ಲಿ ರಗ್ಬಿ ಸೆವೆನ್ಸ್ (ತಂಡಕ್ಕೆ ಏಳು ಆಟಗಾರರ ರಗ್ಬಿ) ಪಂದ್ಯಾವಳಿ ನಡೆಯುವ ವಾರಾಂತ್ಯ ಕೋಣೆ ಸಿಗುವುದೇ ದುರ್ಲಭ. ಆ ಆಟ ಹುಟ್ಟಿದ್ದೇ ಇಲ್ಲಿ, 1883ರಲ್ಲಿ.

1136ರಲ್ಲಿ ಸ್ಕಾಟ್ಲೆಂಡಿನ ದೊರೆ ಒಂದನೇ ಡೇವಿಡ್ ಸ್ಥಾಪಿಸಿದ ಕ್ರೈಸ್ತ ಮಠದಲ್ಲಿ, ನಂತರದ ದೊರೆ ರಾಬರ್ಟ್ ಬ್ರೂಸ್‌ನದೆಂದು ನಂಬಲಾದ ಹೃದಯವನ್ನು 1998ರಲ್ಲಿ ಮತ್ತೆ ಹೂಳಿ ಗುರುತಿನ ಕಲ್ಲು ಇಟ್ಟಿದ್ದಾರೆ. ಅದನ್ನು ಎಲ್ಲರೂ ನೋಡುತ್ತಾರೆ; ಛಾವಣಿಯ ಮೇಲೆ ಬ್ಯಾಗ್‌ಪೈಪ್ ನುಡಿಸುವ ಹಂದಿಯ ಶಿಲ್ಪ ಹಲವರ ಕಣ್ಣಿಗೆ ಬೀಳುವುದಿಲ್ಲ. ತಲೆ ಎತ್ತಿ ನಿಧಾನವಾಗಿ ಹುಡುಕಿ.

ಎರಡನೇ ದಿನ ಐಲ್ಡನ್ ಬೆಟ್ಟ. ಡಿಂಗಲ್ಟನ್ ರಸ್ತೆಯಲ್ಲಿ ಹೆದ್ದಾರಿಯ ಕೆಳಗೆ ದಾಟಿ, ಎಡಕ್ಕೆ ತಿರುಗಿ ಮೆಟ್ಟಿಲು ಹತ್ತಿದರೆ ಎರಡು ಶಿಖರಗಳ ನಡುವಿನ ತಗ್ಗು ಸಿಗುತ್ತದೆ. ಬೆಟ್ಟದ ಮೂರು ಶಿಖರಗಳಲ್ಲಿ ನಡುವಿನದು 422 ಮೀಟರ್. ಮಳೆಯ ನಂತರ ಕೆಸರು ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಸೂರ್ಯ ಮುಳುಗುವುದರಿಂದ ಬೆಳಗ್ಗೆಯೇ ಹೊರಡಿ.