ಅತ್ತೆ ಬಂದರೆ ಬಾಗಿಲು ಕೂಗುತ್ತದೆ

ವಾಟರ್ ಪಾರ್ಕಿನ ಗೇಟು ಬೇಗ ದಾಟುವುದು ಹೇಗೆ ಅಂತ ಸಲಹೆ ಕೊಡುವವರೆಲ್ಲ ಬ್ಯಾಗಿನ ಬಗ್ಗೆಯೇ ಹೇಳುತ್ತಾರೆ. ಬ್ಯಾಗ್ ಚಿಕ್ಕದಿರಲಿ, ಬೆಲ್ಟ್ ಬೇಡ, ಚಿಲ್ಲರೆ ಬೇಡ. ಎಲ್ಲ ಸರಿ. ಮನೆಯವರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗಿದರೂ ಯಾರ ಜೇಬಿನಲ್ಲಿ ಏನುಂಟು ಅಂತ ಗೊತ್ತಾಗುವುದು ಆ ತಪಾಸಣೆಯ ಮೇಜಿನ ಮೇಲೆಯೇ. ಅದೂ ಹಿಂದೆ ನಿಂತ ಸಾಲಿನವರೆಲ್ಲ ಇಣುಕಿ ನೋಡುವಾಗ.

ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಕೆ ತೋಟದವರು. ಮಕ್ಕಳ ರಜೆಯಲ್ಲಿ ತೆಂಕಣ ಕಡೆಯ ಒಂದು ಪಾರ್ಕಿಗೆ ಹೊರಟಿದ್ದೆವು. ಹಿಂದಿನ ರಾತ್ರಿಯೇ ಎಲ್ಲರಿಗೂ ಹೇಳಿದ್ದೆ: ಹೊರಗಿನ ತಿಂಡಿ ಬಿಡುವುದಿಲ್ಲ, ಸ್ಟೀಲ್ ಡಬ್ಬಿ ಬೇಡ, ಚೂಪಾದದ್ದು ಯಾವುದೂ ಬೇಡ. ಎಲ್ಲರೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ತಲೆಯಾಡಿಸಿದರೆ ಕಿವಿಗೆ ಬಿತ್ತು ಅಂತ ಅರ್ಥ, ಅಷ್ಟೇ.

ಮೆಟಲ್ ಡಿಟೆಕ್ಟರ್ ಅಂಥ ಬುದ್ಧಿವಂತ ಬಾಗಿಲೇನಲ್ಲ. ಎರಡೂ ಬದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರ ಅಯಸ್ಕಾಂತ ಕ್ಷೇತ್ರದೊಳಗೆ ಲೋಹ ಬಂದರೆ ಆ ಲೋಹದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಬಾಗಿಲು ಕೂಗುತ್ತದೆ. ಕೀಗೂ ಕತ್ತಿಗೂ ಒಂದೇ ಕೂಗು. ಯಾವುದು ಅಂತ ಆಮೇಲೆ ಮನುಷ್ಯರೇ ಹುಡುಕಬೇಕು. ತಡವಾಗುವುದು ಅಲ್ಲಿ.

ಮೊದಲು ಕೂಗಿಸಿದವರು ನನ್ನ ಗಂಡ. ಜೇಬಿನಿಂದ ಬಂದದ್ದು ಕೀಗಳ ದೊಡ್ಡ ಗೊಂಚಲು. ಅದರಲ್ಲಿ ಪಂಪ್‌ಶೆಡ್ಡಿನ ಕೀ ಕೂಡ! "ಅದು ಇಲ್ಲಿಗೆ ಯಾಕೆ?" ಅಂದೆ. "ಅಲ್ಲಿ ಬಿಟ್ಟು ಬಂದರೆ ಯಾರಾದರೂ ಪಂಪ್ ಹಾಕಿದರೆ?" ಅಂದರು. ಮಳೆಗಾಲ ಮಾರಾಯ್ರೆ, ತೋಟದಲ್ಲಿ ಮೊಣಕಾಲುದ್ದ ನೀರು.

ಮಗನ ಜೇಬಿನಲ್ಲಿ ಒಂದು ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ಮೊಳೆಗಳು. ಅವನು ಅದನ್ನು ಪ್ರಯೋಗ ಅಂದ. ಗಾರ್ಡ್ ಬೇರೇನೋ ಅಂದ.

ಮಾವ ಪಂಚೆ, ಶಾಲಿನಲ್ಲಿ ಗಂಭೀರವಾಗಿ ದಾಟಿದರು. ಬಾಗಿಲು ಸುಮ್ಮನಿತ್ತು. ಆದರೆ ಕೈಯಲ್ಲಿ ತಡವಿ ನೋಡುವಾಗ ಸೊಂಟದ ಮಡಿಕೆಯಿಂದ ಕಡಲೆ ಚಿಕ್ಕಿಯ ಪೊಟ್ಟಣ ಉದುರಿತು. ಸಕ್ಕರೆ ಕಾಯಿಲೆ ಅಂತ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಬೇಡ ಅಂದವರು! ಅತ್ತೆ ಆ ಕಡೆಯ ಸಾಲಿನಲ್ಲಿದ್ದರು, ಪುಣ್ಯ. ಆದರೆ ಅವರ ಕಣ್ಣು ಈ ಕಡೆಗೇ ಇತ್ತು.

ಹೆಂಗಸರ ಸಾಲು ಯಾವಾಗಲೂ ನಿಧಾನ. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಕರೆದು ನೋಡುತ್ತಾರೆ. ಆದ್ದರಿಂದ ಸಾಮಾನೆಲ್ಲ ಒಂದೇ ಬ್ಯಾಗಿಗೆ ತುಂಬಿ ಗಂಡಸರ ಕೈಗೆ ಕೊಟ್ಟುಬಿಡುವುದು ಒಳ್ಳೆಯದು. ಹೆಂಗಸರು ಕೈ ಬೀಸಿಕೊಂಡು ಹೋಗಬಹುದು. ನಾನು ಹಾಗೇ ಮಾಡಿದ್ದೆ. ಅತ್ತೆ ತಮ್ಮ ಬಟ್ಟೆಚೀಲ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

ಬಾಗಿಲು ಕೂಗಿತು. ಚೀಲದಿಂದ ಮೊದಲು ವೀಳ್ಯದೆಲೆ ಬಂತು, ಆಮೇಲೆ ಅಡಕೆ, ಆಮೇಲೆ ಹಿತ್ತಾಳೆಯ ಸುಣ್ಣದ ಡಬ್ಬಿ, ಕೊನೆಗೆ ಕಬ್ಬಿಣದ ಅಡಕೆ ಕತ್ತರಿ. ಅವರ ಅಮ್ಮನ ಕಾಲದ್ದು, ಈಗಲೂ ಹರಿತ.

"ಎಂದಾಣ್ ಅಮ್ಮೇ ಇದ್?" ಅಂದರೆ ಏನಮ್ಮ ಇದು, ಅಂತ ಗಾರ್ಡ್ ಹುಡುಗಿ ಗಾಬರಿಯಾದಳು.

ಅತ್ತೆಗೆ ಅವಳ ಗಾಬರಿಯೇ ಆಶ್ಚರ್ಯ. ತೆಂಗು, ಅಡಕೆಯ ಸಂಶೋಧನೆಗೆಂದೇ ಕೇಂದ್ರ ಸರಕಾರದ ಸಂಸ್ಥೆ ಇರುವ ಜಿಲ್ಲೆ ನಮ್ಮದು. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಕೇಂದ್ರವೇ ಈಗ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ಅಂಥ ಊರಿನವರ ಹತ್ತಿರ ಅಡಕೆ ಕತ್ತರಿ ಇಲ್ಲದೆ ಮತ್ತೆ ಯಾರ ಹತ್ತಿರ ಇರಬೇಕು ಅಂತ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ವಾದಿಸಿದರು. ಕೂತು ಕತ್ತರಿಸಿಯೂ ತೋರಿಸಿದರು. ಅಡಕೆಯ ಹೋಳುಗಳು ಮೇಜಿನ ಮೇಲೆ ಟಪಟಪ ಬಿದ್ದವು.

ಇದೆಲ್ಲ ಮುಗಿಯಿತು ಅನ್ನುವಾಗ ಗಂಡನ ಕೈಯ ಬ್ಯಾಗಿನ ತಳದಲ್ಲಿ ಎರಡು ಸ್ಟೀಲ್ ಡಬ್ಬಿ ಸಿಕ್ಕಿದವು. ನಾನು ಮಲಗಿದ ಮೇಲೆ ಅತ್ತೆ ತುರುಕಿದ್ದು. ಒಳಗೆ ಮಧೂರು ದೇವಸ್ಥಾನದ ಅಪ್ಪ, ಬೆಲ್ಲದ ಸಿಹಿ. "ತಿಂಡಿ ಅಲ್ಲ, ಪ್ರಸಾದ," ಅಂದರು. ಮೇಲಿನ ಅಧಿಕಾರಿ ಬಂದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಒಂದು ಅಪ್ಪ ಬಾಯಿಗೆ ಹಾಕಿಕೊಂಡರು. ಆಮೇಲೆ, "ಪ್ರಸಾದ ಅಂದರೆ ಒಂದು ಚೂರು. ಇದು ಮಧ್ಯಾಹ್ನದ ಊಟ," ಅಂದರು. ನ್ಯಾಯವೇ ಅಲ್ವಾ? ಡಬ್ಬಿಯೂ ಕತ್ತರಿಯೂ ಎಲೆಯಡಕೆಯ ಚೀಲವೂ ಗೇಟಿನಲ್ಲೇ ಉಳಿದವು. ಕೈಗೊಂದು ಟೋಕನ್ ಸಿಕ್ಕಿತು.

ಒಳಗೆ ಹೋದರೆ ಹತ್ತಿ ಬಟ್ಟೆಯಲ್ಲಿ ನೀರಿಗೆ ಇಳಿಯುವಂತಿಲ್ಲ, ನೈಲಾನೇ ಆಗಬೇಕು ಅಂದರು. ಮಾವ ಪಂಚೆ ಬಿಡಲು ಒಪ್ಪದೆ ಇಡೀ ದಿನ ಬೆಂಚಿನಲ್ಲಿ ಕೂತರು. ಅತ್ತೆ ಅವರ ಪಕ್ಕ ಕೂತು ಚಿಕ್ಕಿಯ ವಿಚಾರಣೆ ನಡೆಸಿದರು.

ಸಂಜೆ ಟೋಕನ್ ಕೊಟ್ಟು ಚೀಲ ತೆಗೆದುಕೊಂಡೆವು. ಅತ್ತೆ ಕತ್ತರಿಯ ಕಡೆ ನೋಡಲೂ ಇಲ್ಲ. ಎಲೆಯ ಕಟ್ಟು ಬಿಚ್ಚಿ ಎಣಿಸಿ, "ಕಮ್ಮಿ ಉಂಟಲ್ಲ!" ಅಂದರು. ಗಾರ್ಡ್ ಹುಡುಗಿ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ, ಬಾಯಿ ತುಂಬಿತ್ತು.