ಎರಡು ಪಟ್ಟು ಸ್ಪೀಡಿನಲ್ಲಿ ನೋಡೋದು, ಕೇಳೋದು ಸರಿನಾ?

ಪರ

ಹತ್ತು ನಿಮಿಷದ ವಿಡಿಯೊ. ಮೊದಲ ಎರಡು ನಿಮಿಷ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನನಗೆ ಬೇಕಾಗಿದ್ದು ನಲ್ಲಿಯ ವಾಷರ್ ಬದಲಿಸೋದು ಹೇಗೆ ಅಂತ. ಇಂಥದ್ದನ್ನೂ ಮಾಮೂಲಿ ಸ್ಪೀಡಿನಲ್ಲೇ ನೋಡುವವರ ತಾಳ್ಮೆಗೆ ಕೈ ಮುಗಿಯಬೇಕು.

ಓದುವಾಗ ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಬೇಡದ ಪ್ಯಾರಾ ಹಾರಿಸುತ್ತೇವೆ, ಹಿಡಿಸಿದ ಸಾಲಿನ ಹತ್ತಿರ ನಿಲ್ಲುತ್ತೇವೆ. ಕೇಳುವಾಗ ಮಾತ್ರ ಲಗಾಮು ಹೇಳುವವರ ಕೈಯಲ್ಲಿತ್ತು. ಅದು ಈಗ ನಮ್ಮ ಕೈಗೆ ಬಂದಿದೆ, ಅಷ್ಟೇ. ಹಳೇ ಟೇಪನ್ನು ಜೋರಾಗಿ ಓಡಿಸಿದರೆ ದನಿ ಕೀಚಲಾಗುತ್ತಿತ್ತು. ಈಗಿನ ಸಾಫ್ಟ್‌ವೇರ್ ದನಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಕೆಲವನ್ನು ಬಿಟ್ಟು, ಉಳಿದದ್ದನ್ನು ಬೆಸೆಯುತ್ತದೆ. ಮಾತು ಓಡುತ್ತದೆ, ದನಿ ಹಾಗೇ ಇರುತ್ತದೆ.

ಕಣ್ಣು ಕಾಣದ ಎಷ್ಟೋ ಜನ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಎಂಥ ವೇಗದಲ್ಲಿ ಕೇಳುತ್ತಾರೆ ಅಂದರೆ, ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ಹಿಡಿಯುವುದಿಲ್ಲ. ‘ನಿಧಾನಕ್ಕೆ ಕೇಳಿ, ಅನುಭವಿಸಿ’ ಅಂತ ಅವರಿಗೆ ಬುದ್ಧಿ ಹೇಳುತ್ತೀರಾ? ಕಿವಿ ಪಳಗುತ್ತದೆ ಸ್ವಾಮಿ.

ವಿರೋಧ

ವಾಷರಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಬೆರಳು ವಾಷರಿಗೇ ನಿಲ್ಲೋದಿಲ್ಲ, ಅಲ್ವಾ?

2019ರಲ್ಲಿ ನೆಟ್‌ಫ್ಲಿಕ್ಸ್ ಸ್ಪೀಡ್ ಬದಲಿಸುವ ಬಟನ್ನನ್ನು ಪ್ರಯೋಗ ಮಾಡಿದಾಗ ಹಾಲಿವುಡ್‌ನ ಕೆಲವು ನಿರ್ದೇಶಕರು ಸಿಟ್ಟಾದರು. ಸುಮ್ನೆ ರಂಪ ಅಂದುಕೊಂಡಿದ್ದೆ. ಮರುವರ್ಷ ಆಂಡ್ರಾಯ್ಡ್ ಫೋನುಗಳಿಗೆ ಅದು ಬಂದೇ ಬಂತು. ಈಗ ಅವರ ಸಂಕಟ ಅರ್ಥವಾಗುತ್ತದೆ. ಸಿನಿಮಾದ ಒಂದು ದೃಶ್ಯ ಅಂದುಕೊಳ್ಳಿ: ಅವಳು ಏನೋ ಕೇಳುತ್ತಾಳೆ, ಅವನು ಮೂರು ಸೆಕೆಂಡು ಬಾಯಿ ಬಿಡುವುದಿಲ್ಲ. ಆ ಮೂರು ಸೆಕೆಂಡೇ ಉತ್ತರ. ಒಂದೂವರೆ ಪಟ್ಟು ಮಾಡಿದರೆ ಎರಡೇ ಸೆಕೆಂಡು. ಡೈಲಾಗ್ ಮರೆತವನ ಹಾಗೆ ಕಾಣುತ್ತಾನೆ. ಕೆಲವು ಪಾಡ್‌ಕಾಸ್ಟ್ ಆಪ್‌ಗಳಂತೂ ಮಾತಿನ ನಡುವಿನ ಬಿಡುವನ್ನೇ ಕತ್ತರಿಸಿ ಕೊಡುತ್ತವೆ. ಅದೊಂದು ಸೌಲಭ್ಯವಂತೆ!

2021ರಲ್ಲಿ ವಾಟ್ಸಾಪ್‌ನ ವಾಯ್ಸ್ ಮೆಸೇಜಿಗೂ ಈ ಬಟನ್ ಬಂತು. ಗೆಳತಿಯೊಬ್ಬಳು ಮೂರು ನಿಮಿಷದ್ದು ಕಳಿಸಿದ್ದಳು. ಬೆಳಗ್ಗೆ ಪಾತ್ರೆ ತೊಳೆಯುತ್ತಾ ಎರಡು ಪಟ್ಟು ಸ್ಪೀಡಿನಲ್ಲಿ ಕೇಳಿದೆ. ಹೊಸ ಕೆಲಸ, ಹೊಸ ಮನೆ, ‘ಎಲ್ಲ ಚೆನ್ನಾಗಿದೆ ಕಣೇ’. ಕೈ ಒರೆಸಿಕೊಂಡು ಒಂದು ಹೆಬ್ಬೆರಳು ಕಳಿಸಿದೆ. ರಾತ್ರಿ ಮನೆಯ ವಿಳಾಸ ಹುಡುಕಲು ಮತ್ತೆ ಹಾಕಿದೆ, ಈ ಸಲ ಮಾಮೂಲಿ ಸ್ಪೀಡಿನಲ್ಲಿ. ‘ಎಲ್ಲ’ ಅಂದಮೇಲೆ ಅವಳು ನಿಂತಿದ್ದಳು. ಒಂದು ಉದ್ದದ ಉಸಿರು. ಆಮೇಲೆ ‘ಚೆನ್ನಾಗಿದೆ ಕಣೇ’.

ಫೋನ್ ಮಾಡಿದೆ. ಕೆಲಸ ಬಿಡೋ ಯೋಚನೆಯಲ್ಲಿದ್ದಳು.